ಬಂದ ದಾರಿ ನೋಡ್ಕೋ

ನಮ್ಮೂರಿನಲ್ಲಿ ಮನೆಗೆ ಬಂದವರಿಗೆ ನೀರು ಕೊಡುವ ಮುಂಚೆ ಒಂದು ಮಾತು ಕೇಳುವ ರೂಢಿ ಇದೆ. “ಯಾವ ಕಡೆಯಿಂದ ಬಂದ್ರಿ?” ಎನ್ನುತ್ತೇವೆ. ಹೊರಗಿನವರು ಇದನ್ನು ಕುಶಲ ವಿಚಾರಣೆ ಅಂದುಕೊಂಡು ಬಸ್ಸು ತಡವಾದದ್ದು, ಬಿಸಿಲು, ಧೂಳು ಎಲ್ಲ ಹೇಳಲು ಕೂರುತ್ತಾರೆ. ನಮಗೆ ಅದೆಲ್ಲ ಬೇಡ. ಬಾವಿ ಬೀದಿಯಿಂದ ಬಂದರೋ ಗಾಣದ ಬೀದಿಯಿಂದ ಬಂದರೋ, ಅಷ್ಟು ಹೇಳಿದರೆ ಸಾಕು. ಬಾವಿ ಬೀದಿಯಿಂದ ಬಂದವರನ್ನು ಹೊರಡುವಾಗ ಗಾಣದ ಬೀದಿಯ ಕಡೆಗೆ ಕಳಿಸಬೇಕು, ಗಾಣದ ಬೀದಿಯಿಂದ ಬಂದವರನ್ನು ಬಾವಿ ಬೀದಿಯ ಕಡೆಗೆ. ಬಂದ ದಾರಿಯಲ್ಲೇ ಹೊರಟರೆ ಬಂದದ್ದು ಮರೆತುಹೋಗುತ್ತದೆ. ಕೂತು ಆಡಿದ ಮಾತು, ತಿಂದ ತಿಂಡಿ, ಕೊಟ್ಟ ಭಾಷೆ ಎಲ್ಲವೂ ಆ ಮನೆಯಲ್ಲೇ ಉಳಿದುಬಿಡುತ್ತದೆ. ಹೋಗಬೇಕು ಎಂಬ ಆಸೆ ಹಾಗೇ ಇರುತ್ತದೆ, ಹೋಗಿ ಬಂದದ್ದು ಇರುವುದಿಲ್ಲ. ಸ್ವಂತ ಮನೆಗೆ ಮಾತ್ರ ಈ ಲೆಕ್ಕವಿಲ್ಲ. ಯಾಕೆ ಹೀಗೆ ಎಂದು ಕೇಳಬೇಡಿ. ನಿಮ್ಮೂರಿನ ಬಗ್ಗೆ ನಾವೇನಾದರೂ ಕೇಳಿದ್ದೇವೆಯೇ?

ಹಳೇ ಊರು ಕಟ್ಟಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅಲ್ಲಿ ಪ್ರತಿ ಬೀದಿಯೂ ಇನ್ನೊಂದು ಬೀದಿಗೆ ಸೇರುತ್ತದೆ, ಆ ಬೀದಿಯ ನಡುವೆ ಎರಡು ಓಣಿ ಒಡೆಯುತ್ತವೆ, ಓಣಿಯಲ್ಲಿ ನುಗ್ಗಿದರೆ ಯಾರದೋ ಹಿತ್ತಲು, ಹಿತ್ತಲು ದಾಟಿದರೆ ಮತ್ತೆ ಬೀದಿ. ಮನೆಗಳಿಗೆ ಮುಂದೊಂದು ಬಾಗಿಲು, ಹಿಂದೊಂದು ಬಾಗಿಲು. ಹಾಲು ತರಲು ಹೊರಟ ಮಕ್ಕಳಿಗೆ ಅಮ್ಮಂದಿರು, “ಹೋಗೋದು ಇತ್ಲಾಗೆ, ಬರೋದು ಅತ್ಲಾಗೆ” ಎಂದು ಕೂಗಿ ಹೇಳುತ್ತಿದ್ದರು. ಮಣ್ಣಿಗೆ ಹೋದವರು ಸುತ್ತಿ ಬಳಸಿ ಕೆರೆ ಏರಿಯ ಮೇಲಿಂದ ವಾಪಸ್ಸು ಬರುತ್ತಿದ್ದರು, ಸತ್ತವರು ನೆನಪಿನಲ್ಲಿ ಉಳಿಯಲಿ ಎಂದು. ಬೇಕೆಂದೇ ಬಂದ ದಾರಿಯಲ್ಲಿ ಮರಳುತ್ತಿದ್ದವರೆಂದರೆ ಹೆಂಡದಂಗಡಿಯ ಗಿರಾಕಿಗಳು ಮತ್ತು ಹೇಳಬಾರದ ಮನೆಗಳಿಗೆ ಹೋಗುತ್ತಿದ್ದವರು. ಆದ್ದರಿಂದಲೇ ಒಬ್ಬರು ಮರೆತದ್ದನ್ನು ಅವರ ಎದುರಿಗೆ ಎತ್ತಿ ಆಡುವುದು ನಮ್ಮಲ್ಲಿ ದೊಡ್ಡ ಅವಮಾನ. ಅದಕ್ಕಿಂತ ದೊಡ್ಡದು ಒಂದೇ. ಮನೆ ಬಾಗಿಲಲ್ಲಿ ನಿಂತವರಿಗೆ “ಬಂದ ದಾರಿ ನೋಡ್ಕೋ” ಅನ್ನುವುದು. ಬೇರೆ ಊರಲ್ಲಿ ಇದು ಸಿಟ್ಟಿನ ಮಾತು. ನಮ್ಮಲ್ಲಿ, ನೀನು ಇಲ್ಲಿಗೆ ಬಂದದ್ದೇ ಇಲ್ಲವೆಂದಾಗಲಿ ಎಂದು ಶಪಿಸಿದ ಹಾಗೆ.

ಇಂಥ ಊರು ಬೆಳೆಯಲು ಶುರುವಾಯಿತು. ಕೆರೆ ಆಚೆಗಿನ ಹೊಲಗಳಲ್ಲಿ ಒಂದರ ಪಕ್ಕ ಒಂದು ಬಡಾವಣೆಗಳು ಎದ್ದವು. ಪ್ರತಿ ಬಡಾವಣೆಗೂ ಸುತ್ತ ಗೋಡೆ, ಗೋಡೆಯ ಮೇಲೆ ಗಾಜಿನ ಚೂರು, ಒಳಗೆ ಹೋಗಲು ಒಂದು ಗೇಟು. ಗೇಟಿನಿಂದ ಒಂದು ದೊಡ್ಡ ರಸ್ತೆ, ಅದರಿಂದ ಎಡಕ್ಕೂ ಬಲಕ್ಕೂ ಅಡ್ಡರಸ್ತೆಗಳು, ಪ್ರತಿ ಅಡ್ಡರಸ್ತೆಯ ಕೊನೆಗೂ ಗೋಡೆ. ಒಂದು ಬಡಾವಣೆಯಿಂದ ಪಕ್ಕದ ಬಡಾವಣೆಗೆ ದಾರಿಯಿಲ್ಲ. ಹೋಗಲೇಬೇಕೆಂದರೆ ಗೇಟಿನಿಂದ ಹೊರಬಿದ್ದು ಹೆದ್ದಾರಿ ಹಿಡಿದು ಸುತ್ತಬೇಕು. ನನ್ನ ಗಂಡ ಪಂಚಾಕ್ಷರಿಯವರಿಗೆ ಇದೇ ಬಹಳ ಹಿಡಿಸಿತ್ತು. ಸುಖನಿವಾಸ ಬಡಾವಣೆಯ ಕಟ್ಟಕಡೆಯ ಅಡ್ಡರಸ್ತೆಯ ಕಟ್ಟಕಡೆಯ ನಿವೇಶನ ತೋರಿಸಿ, “ನೋಡು ಲೀಲಾ, ಇಲ್ಲಿಂದಾಚೆ ಯಾರೂ ಹೋಗೋ ಹಾಗಿಲ್ಲ. ಒಂದು ಸೈಕಲ್ ಸದ್ದೂ ಇರಲ್ಲ” ಎಂದರು. ಸದ್ದಂತೂ ಇಲ್ಲ, ಅದನ್ನು ಒಪ್ಪಿಕೊಳ್ಳಬೇಕು.

ಗೃಹಪ್ರವೇಶಕ್ಕೆ ಹಳೇ ಊರಿನವರೆಲ್ಲ ಬಂದರು. ನನಗೆ ಉಳಿದಿರುವ ತವರೆಂದರೆ ಅಣ್ಣ ಮರಿಬಸಪ್ಪ ಒಬ್ಬನೇ. ಹಳೇ ಊರಿನ ಗಾಣದ ಬೀದಿಯಲ್ಲಿ ಅವನ ಹಿಟ್ಟಿನ ಗಿರಣಿ. ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲದರ ಮೇಲೂ ಹಿಟ್ಟು ಕೂತು, ಹುಟ್ಟುವಾಗಲೇ ಮುದುಕನಾಗಿದ್ದವನ ಹಾಗೆ ಕಾಣುತ್ತಾನೆ. ಅವತ್ತು ಮೈ ತೊಳೆದು, ರೇಷ್ಮೆ ಶಲ್ಯ ಹೊದ್ದು, ಮೊದಲ ಪಂಕ್ತಿಯಲ್ಲಿ ಕೂತು ಹೋಳಿಗೆಯನ್ನು ಎರಡು ಸಲ ಹಾಕಿಸಿಕೊಂಡ. ನಾನು ರೂಢಿಯಂತೆ ಬಂದವರನ್ನೆಲ್ಲ, ಯಾವ ಕಡೆಯಿಂದ ಬಂದ್ರಿ ಎಂದು ಕೇಳುತ್ತಿದ್ದೆ. ಎಲ್ಲರೂ ಗೇಟಿನಿಂದ ಅಂದರು. ಇನ್ಯಾವ ಕಡೆಯಿಂದ ಬರುತ್ತಾರೆ ಎಂದು ನಾವೆಲ್ಲ ನಕ್ಕೆವು. ಆ ನಗುವಿನಲ್ಲಿ ಯಾರಿಗೂ ಮುಂದಿನದು ಹೊಳೆಯಲಿಲ್ಲ. ಸಂಜೆ ತಾಂಬೂಲ ತೆಗೆದುಕೊಂಡು ಎಲ್ಲರೂ ಅದೇ ಅಡ್ಡರಸ್ತೆ, ಅದೇ ಗೇಟು ದಾಟಿ ಹೋದರು.

ಒಂದೆರಡು ವಾರದಲ್ಲೇ ಗೊತ್ತಾಯಿತು. ಹಳೇ ಊರಿನಲ್ಲಿ ನನ್ನನ್ನು ಯಾರೂ ಮಾತಾಡಿಸುವುದಿಲ್ಲ. ಅರಮನೆಯಂಥ ಮನೆ ಕಟ್ಟಿಸಿಕೊಂಡು ಒಬ್ಬರನ್ನೂ ಕರೆಯಲಿಲ್ಲ ಎಂಬ ಮಾತು ಎಲ್ಲರ ಬಾಯಲ್ಲಿ. ಹೊಸ ಬಡಾವಣೆಗಳಲ್ಲಿ ಮದುವೆ, ನಾಮಕರಣ ಮಾಡಿದವರಿಗೆಲ್ಲ ಇದೇ ಗತಿ. ಊಟ ಬಡಿಸಿ ಬೈಗುಳ ಕಟ್ಟಿಕೊಂಡರು. ಉಳಿದವರು ಏನಾದರೂ ಅಂದುಕೊಳ್ಳಲಿ, ಅಣ್ಣ ಹಾಗಂದುಕೊಂಡರೆ ನನಗೆ ತಡೆಯುವುದಿಲ್ಲ. ಗಿರಣಿಗೇ ಹೋದೆ. ಅಣ್ಣ ಯಂತ್ರ ನಿಲ್ಲಿಸಲಿಲ್ಲ. ಆ ಗದ್ದಲದಲ್ಲೇ ಕೂಗಿ ಹೇಳಿದೆ.

“ಅಣ್ಣ, ನೀನು ಬಂದಿದ್ದೆ ಕಣೋ. ಮೊದಲ್ನೇ ಪಂಕ್ತೀಲಿ ಕೂತಿದ್ದೆ. ಹೋಳಿಗೆ ಎರಡು ಸಲ ಹಾಕಿಸ್ಕೊಂಡೆ.”

ಹಿಟ್ಟು ಬೀಸಿಸಲು ಬಂದ ಹೆಂಗಸರು ಸಾಲಾಗಿ ನಿಂತಿದ್ದರು. ಎಲ್ಲರೆದುರು ನಾನು ಆಡಬಾರದ್ದನ್ನು ಆಡಿದ್ದೆ. ಅಣ್ಣನ ಮುಖ ಕೆಂಪಾಯಿತು. “ಏನಂದೆ? ನಾನೇನು ಹೆಂಡ ಕುಡಿದು ತೂರಾಡ್ಕೊಂಡು ಹೋದೋನಾ, ಮರೆಯೋದಕ್ಕೆ? ತಪ್ಪು ಮಾಡಿದ್ದೂ ಅಲ್ದೆ ನನ್ನನ್ನೇ ಕುಡುಕ ಮಾಡ್ತೀಯಾ? ನೀನಿನ್ನು ಬಂದ ದಾರಿ ನೋಡ್ಕೋ.”

ಒಡಹುಟ್ಟಿದವಳಿಗೆ ಯಾರೂ ಆಡದ ಮಾತು ಅದು. ಕಣ್ಣಿಗೆ ಏನೂ ಕಾಣಲಿಲ್ಲ. ಆದರೂ ಕಾಲು ತಾನಾಗಿ ಗಿರಣಿಯ ಹಿಂದಿನ ಓಣಿಗೆ ಇಳಿಯಿತು. ಅಭ್ಯಾಸ. ಹಾಗಾಗಿ ಆ ಮಾತು ಅಕ್ಷರ ಅಕ್ಷರ ನೆನಪಿದೆ. ಆಮೇಲೆ ಬಹಳ ಕಾಲ ನಮ್ಮ ನಡುವೆ ಮಾತಿರಲಿಲ್ಲ. ಸಂತೆಯಲ್ಲಿ ಎದುರಾದರೆ ಅವನು ಬದನೆಕಾಯಿ ಆರಿಸುವವನ ಹಾಗೆ ಬಗ್ಗುತ್ತಿದ್ದ. ಅವನಿಗೆ ಬದನೆಕಾಯಿ ಕಂಡರಾಗದು.

ಒಂದು ಸೋಮವಾರ ಮಧ್ಯಾಹ್ನ, ಗಿರಣಿಗೆ ರಜೆಯ ದಿನ, ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ಅಣ್ಣ. ಹೆದ್ದಾರಿಯ ಬಿಸಿಲಿನಲ್ಲಿ ನಡೆದು ಬಂದು ಮಂಡಿ ಹಿಡಿದುಕೊಂಡು ನಿಂತಿದ್ದ. ಕಂಕುಳಲ್ಲಿ ಬಟ್ಟೆಯ ಚೀಲ. “ಹುರಿಹಿಟ್ಟು ತಂದೆ ಕಣೆ. ನಿಂಗೆ ಏಲಕ್ಕಿ ಜಾಸ್ತಿ ಇರ್ಬೇಕಲ್ಲ, ಹಾಗೇ ಮಾಡಿದ್ದೀನಿ” ಎಂದವನೇ ಹೊಸ್ತಿಲ ಮೇಲೆ ಕೂತುಬಿಟ್ಟ. ಒಳಗೆ ಬಾ ಎಂದರೂ ಬರಲಿಲ್ಲ. ಮೊದಲು ಹೇಳಬೇಕಾದ್ದು ಹೇಳಿಬಿಡುತ್ತೇನೆ ಎಂದ.

“ಲೀಲೂ, ನೀನು ಕರೀಲಿಲ್ಲ ಅಂತ ಸಿಟ್ಟಿತ್ತು. ಕರೀದೇ ಇದ್ರೆ ಕರೀದೇ ಇರು. ನಾನು ಆ ಮಾತು ಆಡಬಾರದಿತ್ತು. ಅಪ್ಪ ಇದ್ದಿದ್ರೆ ನನ್ನ ನಾಲಿಗೆ ಸೀಳ್ತಿದ್ರು. ಇವತ್ತು ಬೆಳಗ್ಗೆ ಎದ್ದು ಮನಸ್ಸು ಮಾಡ್ದೆ, ಹೋಗಿ ಕಾಲಿಗೆ ಬೀಳೋದಾದ್ರೂ ಸರಿ ಅಂತ.”

ಇಬ್ಬರೂ ಅತ್ತೆವು. ನಾಚಿಕೆಯಿಲ್ಲದೆ, ಮೂಗು ಸೋರುವ ಹಾಗೆ ಅತ್ತೆವು. ಆಮೇಲೆ ಒಳಗೆ ಬಂದು ಊಟ ಮಾಡಿದ, ಮನೆಯೆಲ್ಲ ನೋಡಿದ, ಅಡುಗೆಮನೆಯ ಕಿಟಕಿ ಸಣ್ಣದಾಯಿತು ಎಂದು ಜಗಳ ತೆಗೆದ. ಹೊರಡುವ ಹೊತ್ತಿಗೆ ಇಬ್ಬರ ಮುಖವೂ ಸಪ್ಪಗಾಯಿತು. ದಾರಿ ಒಂದೇ ಎಂಬುದು ಇಬ್ಬರಿಗೂ ಗೊತ್ತು. ಅಣ್ಣ ಧೈರ್ಯ ಹೇಳಿದ. “ಬರುವಾಗ ರಸ್ತೆ ಬಲಗಡೆ ಬಂದೆ, ಹೋಗುವಾಗ ಎಡಗಡೆ ಹೋಗ್ತೀನಿ. ಮನಸ್ನಲ್ಲಿ ಹೇಳ್ಕೊಂಡೇ ಹೋಗ್ತೀನಿ ಬಿಡು. ತಂಗಿ ಮನೆಗೆ ಹೋಗಿದ್ದೆ, ತಂಗಿ ಮನೆಗೆ ಹೋಗಿದ್ದೆ.” ಅವನ ತುಟಿ ಅಲುಗುತ್ತಿದ್ದದ್ದು ಅಡ್ಡರಸ್ತೆಯ ತಿರುವಿನವರೆಗೂ ಕಂಡಿತು. ಬುಧವಾರದ ಸಂತೆಯಲ್ಲಿ ನಾನು ನಗುತ್ತ ಎದುರಿಗೆ ಹೋದೆ. ಅವನು ಬದನೆಕಾಯಿಗೆ ಬಗ್ಗಿದ.

ಮತ್ತೊಂದು ಸೋಮವಾರ ಮತ್ತೆ ಬಂದ. ಅದೇ ಚೀಲ, ಅದೇ ಹೊಸ್ತಿಲು, ಅದೇ ಮಾತು. ಇವತ್ತು ಬೆಳಗ್ಗೆ ಎದ್ದು ಮನಸ್ಸು ಮಾಡಿದೆ ಎಂದ. ನನಗೆ ತಡೆಯಲಾಗಲಿಲ್ಲ. “ಅಣ್ಣ, ಹೋದ ಸಲವೂ ಇದನ್ನೇ ಹೇಳಿದ್ದೆ” ಎಂದುಬಿಟ್ಟೆ. ಹಾಗೆ ಹೇಳಬಾರದಿತ್ತು. ಅವನು ತಲೆಯೆತ್ತಿ ನನ್ನನ್ನು ನೋಡಿದ ರೀತಿ ಈಗಲೂ ಕಣ್ಣ ಮುಂದಿದೆ. ಎಷ್ಟೋ ರಾತ್ರಿ ಹೊರಳಾಡಿ, ಮಾನ ಮರ್ಯಾದೆ ನುಂಗಿಕೊಂಡು, ಮಂಡಿ ನೋವಿನಲ್ಲಿ ನಡೆದು ತಂದ ಮಾತು ಹಳಸಲು ಎಂದು ಗೊತ್ತಾದಾಗ ಮನುಷ್ಯ ಏನು ಮಾಡಬೇಕು? ಅವತ್ತು ಅವನು ಊಟ ಮಾಡಲಿಲ್ಲ. ನೀರು ಕುಡಿದು ಹೊರಟ. ಮುಂದಿನ ಸಲದಿಂದ ನಾನು ಬಾಯಿ ಬಿಡಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಕಷ್ಟ. ಸೋಮವಾರ ಬಾಗಿಲು ತಟ್ಟುತ್ತದೆ. ನಾನು ಬೆಚ್ಚಬೇಕು. ಅವನು ಕೂರಬೇಕು, ಹೇಳಬೇಕು. ನಾನು ಅಳಬೇಕು. ಮೊದಮೊದಲು ನಿಜವಾಗಿಯೇ ಅಳು ಬರುತ್ತಿತ್ತು. ಆಮೇಲೆ ಅವನು ಅಪ್ಪನ ಮಾತಿಗೆ ಬರುವವರೆಗೆ ಕಾಯಬೇಕಾಯಿತು. ಇನ್ನೂ ಆಮೇಲೆ ಅಪ್ಪನೂ ಸಾಲದಾದರು. ಸೆರಗನ್ನು ಕಣ್ಣಿಗೆ ಒತ್ತಿಕೊಂಡು, ಒಲೆಯ ಮೇಲೆ ಇಟ್ಟ ಹಾಲು ಉಕ್ಕುತ್ತದೇನೋ ಎಂದು ಯೋಚಿಸಿದ್ದೂ ಉಂಟು. ಒಂದು ಸಲ ಅವನು ಹೇಳುವ ಮುಂಚೆಯೇ “ಆಗಲಿ ಬಿಡಣ್ಣ, ಕ್ಷಮಿಸಿದೆ” ಅಂದುಬಿಟ್ಟು, ಅವನು ಬೆರಗಾಗಿ ನೋಡಿದಾಗ ನಾಲಿಗೆ ಕಚ್ಚಿಕೊಂಡೆ. ಒಡಹುಟ್ಟಿದವನು ಕಣ್ಣೀರು ಹಾಕುತ್ತಿರುವಾಗ ನನಗೆ ಆಕಳಿಕೆ ಬರುವಷ್ಟು ಮನಸ್ಸು ಕಲ್ಲಾಗಿತ್ತು. ಅದಕ್ಕಾಗಿ ನನ್ನ ಮೇಲೆ ನನಗೇ ಅಸಹ್ಯ.

ಪಂಚಾಕ್ಷರಿಯವರು ಮಾತ್ರ ನಿಶ್ಚಿಂತೆಯಿಂದ ಇದ್ದರು. ಊಟಕ್ಕೆ ಕೂತಾಗ ಒಂದು ಸಲ ಹೇಳಿದರು. “ಯಾಕೆ ಒದ್ದಾಡ್ತೀಯ? ನೆನಪಿದ್ದಿದ್ರೆ ನಿಮ್ಮಣ್ಣ ವರ್ಷಕ್ಕೊಂದ್ಸಲ ಹಬ್ಬಕ್ಕೆ ಬರ್ತಿದ್ದ. ಈಗ ನೋಡು, ತಿಂಗಳಿಗೆ ಎರಡು ಸಲ ಬರ್ತಾನೆ.”

“ನಿಮಗೆ ಎಲ್ಲಾನೂ ತಮಾಷೆ ರೀ. ಸಂತೇಲಿ ಅವನು ಮುಖ ತಿರುಗಿಸ್ದಾಗ ನನಗೆ ಹೇಗಾಗುತ್ತೆ ಅಂತ ನಿಮಗೇನು ಗೊತ್ತು?”

ಅವರು ಮಜ್ಜಿಗೆ ಕಲಸಿಕೊಂಡರು. ಅವರ ಮಾತು ಎಷ್ಟು ನಿಜವೆಂದು ಆಗ ನನಗೆ ಹೊಳೆಯಲಿಲ್ಲ.

ಇಷ್ಟರ ಮೇಲೆ ಹಾಲಿನ ಪುಟ್ಟಸಿದ್ದಮ್ಮ ಹಳೇ ಊರಿನ ಸುದ್ದಿ ತಂದಳು. ಸೋಮವಾರ ಸಂಜೆಗಳಲ್ಲಿ ಮರಿಬಸಪ್ಪ ಮಂಡಿ ನೋವೆಂದು ನರಳುತ್ತಾನೆ, ಮಧ್ಯಾಹ್ನ ಎಲ್ಲಿದ್ದೆ ಎಂದರೆ ತಲೆ ತಗ್ಗಿಸುತ್ತಾನೆ, ಡಬ್ಬಿಯಲ್ಲಿ ಹುರಿಹಿಟ್ಟು ಕಡಿಮೆಯಾಗುತ್ತದೆ. ನಮ್ಮೂರಿನಲ್ಲಿ ಮರ್ಯಾದಸ್ಥರು ಮಧ್ಯಾಹ್ನಗಳನ್ನು ಕಳೆದುಕೊಳ್ಳುವುದಿಲ್ಲ. ಅತ್ತಿಗೆ ಸರ್ವಮಂಗಳ ಲೆಕ್ಕ ಕೂಡಿಸಿ, ಗಂಡ ಯಾವಳ ಮನೆಗೋ ಹೋಗುತ್ತಾನೆಂದು ತೀರ್ಮಾನಿಸಿ ಬೇರೆ ಹಾಸಿಗೆ ಹಾಕಿಕೊಂಡಿದ್ದಾಳಂತೆ. ಪಾಪ, ಅಣ್ಣನಿಗೂ ತನ್ನ ಮೇಲೆ ಅದೇ ಅನುಮಾನವಿತ್ತೋ ಏನೋ. ಎಲ್ಲಿಗೆ ಹೋಗಿದ್ದೆನೆಂದು ಅವನಿಗೇ ಗೊತ್ತಿಲ್ಲವಲ್ಲ. ಅದನ್ನು ಕೇಳಿದ ಮೇಲೆ ನಾನು ಸುಮ್ಮನಿರಲು ಆಗಲಿಲ್ಲ. ಒಂದೇ ಒಂದು ಸಲ ಅವನು ನನ್ನ ಮನೆಯಿಂದ ಬೇರೆ ದಾರಿಯಲ್ಲಿ ಮನೆ ಸೇರಬೇಕು. ಒಂದು ಸಲ ನೆನಪು ಉಳಿದರೆ ಸಾಕು, ಉಳಿದದ್ದೆಲ್ಲ ಸರಿಹೋಗುತ್ತದೆ.

ನಮ್ಮ ಹಿತ್ತಲ ಗೋಡೆಯ ಆಚೆಗೆ ಇನ್ನೊಂದು ಬಡಾವಣೆ, ಅದರ ಗೇಟು ಕೆರೆಯ ಕಡೆಗಿದೆ. ಗೋಡೆಯಲ್ಲಿ ಒಬ್ಬ ಮನುಷ್ಯ ನುಸುಳುವಷ್ಟು ಸಂದು ಬಿಟ್ಟರೆ ಸಾಕಿತ್ತು. ಬಡಾವಣೆಯ ಸಂಘದ ಅಧ್ಯಕ್ಷ ಗುರುಮಲ್ಲಯ್ಯನವರನ್ನು ನಮ್ಮ ಮನೆಗೇ ಕರೆಸಿ ಕೇಳಿದೆ. ನಾನು ಹೋದರೆ ಮರೆತು ಬರುತ್ತೇನಲ್ಲ. ಅವರು ಕಾಫಿ ಕುಡಿಯುತ್ತ, ಸಮಾಧಾನವಾಗಿ ಮಾತಾಡಿದರು.

“ಒಂದು ಸಂದು ಬಿಟ್ರೆ ನಾಳೆ ಊರೇ ಹಾದು ಹೋಗುತ್ತಮ್ಮ. ಕಳ್ಳರು, ಕುರಿ, ಸ್ಕೂಟರು, ಎಲ್ಲ. ಈ ಶಾಂತಿಗೋಸ್ಕರ ತಾನೆ ನಾವು ಇಲ್ಲಿಗೆ ಬಂದಿದ್ದು?”

“ಬಂದವರಿಗೆ ಬಂದಿದ್ದು ನೆನಪಿರಲ್ವಲ್ಲ ಸಾರ್.”

“ಅದರಲ್ಲೂ ಒಂದು ಅನುಕೂಲ ಇದೆಯಮ್ಮ” ಎಂದು ಅವರು ದನಿ ತಗ್ಗಿಸಿದರು. “ನಮ್ಮ ಭಾವಮೈದ ಸಾಲ ಕೇಳೋಕೆ ಬರ್ತಾನೆ. ಇಲ್ಲ ಅಂತೀನಿ. ಹೋಗ್ತಾನೆ. ಮನಸ್ತಾಪವೇ ಇಲ್ಲ. ಮತ್ತೆ ಬರ್ತಾನೆ.” ಬೇರೆ ಮನೆಯವರನ್ನೂ ಹೀಗೇ ಕರೆಸಿ ಕೇಳಿ ನೋಡಿದೆ. ಜನ ಹೊಂದಿಕೊಂಡುಬಿಟ್ಟಿದ್ದರು. ನೆಂಟರು ಬರುತ್ತಾರೆ, ಎಷ್ಟು ಕಳಪೆ ಊಟ ಹಾಕಿದರೂ ಹೆಸರು ಕೆಡುವುದಿಲ್ಲ. ನೆಂಟಸ್ತಿಕೆ ಎಲ್ಲರಿಗೂ ಹಗುರವಾಗಿತ್ತು. ನನಗೊಬ್ಬಳಿಗೆ ಭಾರ.

ಕೊನೆಗೆ ಕೈಹಿಡಿದವಳು ಗೋಡೆಯ ಆಚೆಯ ಮೆಹರ್‌ಬೀ. ಅವಳ ಅಡುಗೆಮನೆ, ನನ್ನ ಅಡುಗೆಮನೆ ಬೆನ್ನಿಗೆ ಬೆನ್ನು. ಅವಳು ಪಾತ್ರೆ ಜೋಡಿಸುವ ಸದ್ದಿನಿಂದ ಅವಳ ಸಿಟ್ಟು, ಸಂತೋಷ ನನಗೆ ತಿಳಿಯುತ್ತಿತ್ತು. ಮುಖ ಮಾತ್ರ ನೋಡಿರಲಿಲ್ಲ. ಅವಳ ಮನೆ ಮುಂಬಾಗಿಲಿಗೆ ರಸ್ತೆಯಲ್ಲಿ ಹೋಗಬೇಕೆಂದರೆ ಒಂದು ಬೆಳಗು ಪೂರ್ತಿ ಬೇಕು. ಗೋಡೆಗೆ ಬಾಯಿಟ್ಟು ನನ್ನ ಕಥೆ ಹೇಳಿದೆ. ಆಚೆ ಕಡೆ ಅವಳು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟ ಸದ್ದಾಯಿತು. “ನಮ್ಮ ಅಮ್ಮೀನೂ ಬಂದು ಬಂದು ಹೋಗ್ತಾರೆ ಅಕ್ಕಾ. ಪ್ರತಿ ಸಲ ನಮ್ಮ ಮಗೂಗೆ ಹೆಸರೇನು ಅಂತ ಕೇಳ್ತಾರೆ. ನಮ್ಮ ಕಡೆ ನೀರಿನ ಡ್ರಮ್ಮು ಇದೆ, ಬೋರಲು ಹಾಕ್ತೀನಿ. ನಿಮ್ಮಣ್ಣನ್ನ ಹತ್ತಿಸಿ” ಎಂದಳು.

ಮುಂದಿನ ಸೋಮವಾರ ಅಣ್ಣ ಬಂದ, ಕೂತ, ಹೇಳಿದ. ಊಟವಾದ ಮೇಲೆ ಅವನನ್ನು ಹಿತ್ತಲಿಗೆ ಕರೆದೊಯ್ದು ಏಣಿ ತೋರಿಸಿದೆ. ಗಾಜಿನ ಚೂರುಗಳ ಮೇಲೆ ಗೋಣಿಚೀಲಗಳನ್ನು ಮಡಿಸಿ ಹಾಸಿದ್ದೆ. ಅಣ್ಣ ಹಳೇ ಊರಿನವನು, ಬಿಡಿಸಿ ಹೇಳುವುದು ಬೇಕಾಗಲಿಲ್ಲ. ಏಣಿ ನೋಡಿದ, ಗೋಡೆ ನೋಡಿದ, ಆಮೇಲೆ ನನ್ನ ಮುಖವನ್ನೇ ನೋಡುತ್ತ ನಿಂತ.

“ನಾನು ಮುಂಚೆ ಬಂದಿದ್ನಾ ಲೀಲೂ?”

“ಇಲ್ಲಣ್ಣ” ಎಂದೆ.

ಅವನು ನಂಬಿದನೋ ಇಲ್ಲವೋ. ಪಂಚೆ ಎತ್ತಿ ಕಟ್ಟಿ ಏಣಿ ಹತ್ತಿದ. ಮಂಡಿ ಮಡಿಸಲಾರದೆ ಪ್ರತಿ ಮೆಟ್ಟಿಲಿಗೂ ‘ಶಿವಾ’ ಎನ್ನುತ್ತಿದ್ದ. ಕೆಳಗಿನಿಂದ ಪಂಚಾಕ್ಷರಿಯವರು ಅವನ ಕಾಲನ್ನು ಎರಡು ಕೈಯಲ್ಲೂ ಹಿಡಿದು ಮೇಲಕ್ಕೆ ನೂಕುತ್ತಿದ್ದರು. ಗೋಡೆಯ ಮೇಲೆ ಆ ಕಡೆಗೊಂದು ಕಾಲು ಈ ಕಡೆಗೊಂದು ಕಾಲು ಹಾಕಿ ಕೂತವನು ಇಳಿಯಲೇ ಇಲ್ಲ. ಕಣ್ಣಿಗೆ ಕೈ ಅಡ್ಡ ಹಿಡಿದು ಸುತ್ತ ನೋಡುತ್ತಿದ್ದ.

“ಲೀಲೂ, ಅಗೋ ನೋಡೇ, ನಮ್ಮ ಗಿರಣಿ ತಗಡು ಕಾಣುತ್ತೆ! ಆ ಹೊಳೀತಿದೆಯಲ್ಲ, ಅದೇ. ಇಷ್ಟು ಹತ್ರ ಇದ್ದೀಯಾ ನೀನು? ಕೂಗಿದ್ರೆ ಕೇಳೋಷ್ಟು ಹತ್ರ ಇದ್ದೀಯಲ್ಲೇ.”

ಆ ಮಾತಿಗೆ ನನಗೆ ಬಂದ ಅಳು ಸೆರಗಿನ ಅಳುವಲ್ಲ. ಎದೆಯೊಳಗಿನಿಂದ ಕಿತ್ತುಕೊಂಡು ಬಂತು. ಆಚೆ ಕಡೆಯಿಂದ ಬಳೆ ತೊಟ್ಟ ಎರಡು ಕೈಗಳು ಮೇಲೆದ್ದು, “ಬನ್ನಿ ಅಣ್ಣಾ, ಮೆಲ್ಲಗೆ” ಎಂದವು. ಅಣ್ಣ ಇಳಿದ. ಡ್ರಮ್ಮು ಒಮ್ಮೆ ಧಡ್ ಎಂದಿತು, ಆಮೇಲೆ ಅವನ ನಗು ಕೇಳಿತು. ಮೆಹರ್‌ಬೀ ಅವನನ್ನು ತನ್ನ ಗೇಟಿನವರೆಗೂ ಬಿಟ್ಟು ಬಂದಳು. ಅವನು ಕೆರೆ ಏರಿ ಹಿಡಿದು ಮನೆ ಸೇರಿದ.

ಸಂತೆಯಲ್ಲಿ ಕಂಡಾಗ ಅಣ್ಣ ಬದನೆಕಾಯಿಗೆ ಬಗ್ಗಲಿಲ್ಲ. ದೂರದಿಂದಲೇ ಕೈ ಎತ್ತಿ, ಎಲ್ಲರಿಗೂ ಕೇಳುವ ಹಾಗೆ “ಏನ್ ಲೀಲೂ, ಚೆನ್ನಾಗಿದ್ದೀಯಾ?” ಎಂದ. ಅತ್ತಿಗೆಯೂ ಪಕ್ಕದಲ್ಲಿದ್ದಳು, ನಕ್ಕಳು. ನಮ್ಮೆಜಮಾನರು ಗೋಡೆ ಹಾರಿದ್ರಂತಲ್ಲ ಎಂದು ಸೆರಗು ಬಾಯಿಗಿಟ್ಟುಕೊಂಡಳು. ಅವತ್ತು ನಾನು ಮನೆಗೆ ಹೇಗೆ ಬಂದೆನೋ, ನೆಲದ ಮೇಲೆ ಕಾಲೇ ಇರಲಿಲ್ಲ. ಸೋಮವಾರ ಬೆಳಗ್ಗೆಯೇ ಎದ್ದು ಅವನಿಗೆ ಇಷ್ಟವಾದ ಅವರೆಕಾಳಿನ ಸಾರು ಮಾಡಿದೆ. ಬರಲಿಲ್ಲ. ಮಳೆಯಿತ್ತು, ಅದಕ್ಕೇ ಅಂದುಕೊಂಡೆ. ಅದರ ಮುಂದಿನ ಸೋಮವಾರ ಮಳೆಯಿರಲಿಲ್ಲ.

ಅವನು ಬರಲೇ ಇಲ್ಲ. ಯಾಕೆ ಬರಬೇಕು? ಬಂದಿದ್ದ, ಹೇಳಿದ್ದ, ಕ್ಷಮೆ ಸಿಕ್ಕಿತ್ತು, ಅದು ಅವನಿಗೆ ನೆನಪಿತ್ತು. ಅವನನ್ನು ಬಿಸಿಲಿನಲ್ಲಿ ನಡೆಸಿಕೊಂಡು ಬರುತ್ತಿದ್ದದ್ದು ಎದೆಯೊಳಗಿನ ಮುಳ್ಳು. ಅದನ್ನು ನಾನೇ ಏಣಿ ಹಾಕಿ ಕಿತ್ತು ಕಳಿಸಿದ್ದೆ. ಸಂತೆಯಲ್ಲಿ ಸಿಕ್ಕಾಗ ಒಂದು ದಿನ ಯಾವಾಗ ಬರ್ತೀಯ ಎಂದು ಕೇಳಿದೆ. “ಬಂದಿದ್ನಲ್ಲಮ್ಮ ಅವತ್ತು. ಬರೋಣ, ಹಬ್ಬ ಬರಲಿ. ಮಂಡಿ ನೋಡು ಹೀಗಿದೆ” ಎಂದ. ಅವನ ಲೆಕ್ಕದಲ್ಲಿ ಅವನು ನನ್ನ ಮನೆಗೆ ಬಂದದ್ದು ಒಂದೇ ಸಲ. ಮಿಕ್ಕ ಸೋಮವಾರಗಳೆಲ್ಲ ನನ್ನೊಬ್ಬಳ ಹತ್ತಿರ ಉಳಿದವು. ಅವನು ಬರುತ್ತಿದ್ದಾಗ ಆಕಳಿಸುತ್ತಿದ್ದೆನಲ್ಲ, ಈಗ ಮಧ್ಯಾಹ್ನ ಬಾಗಿಲ ಕಡೆ ಮುಖ ಮಾಡಿ ಕೂತರೆ ಆಕಳಿಕೆಯೂ ಬರುವುದಿಲ್ಲ. ಗೋಡೆ ಹಾರಿದ ವಿಷಯ ಸಂಘಕ್ಕೆ ಮುಟ್ಟಿ, ಅವರು ಇನ್ನೂ ಒಂದಾಳು ಎತ್ತರ ಏರಿಸಿದರು. ಮೆಹರ್‌ಬೀಯ ಪಾತ್ರೆ ಸದ್ದೂ ಈಗ ಸರಿಯಾಗಿ ಕೇಳುವುದಿಲ್ಲ.

ಅವನು ಬರದಿದ್ದರೆ ನಾನು ಹೋಗಬೇಕು. ನನ್ನ ಅಣ್ಣ, ನನ್ನ ತವರು, ನನಗೇನು ಬಿಂಕ? ಅಷ್ಟರಲ್ಲಿ ಪುಟ್ಟಸಿದ್ದಮ್ಮ ಇನ್ನೊಂದು ಸುದ್ದಿ ತಂದಳು. ಬಡಾವಣೆಗಳನ್ನು ನೋಡಿ ನೋಡಿ ಹಳೇ ಊರಿನವರಿಗೂ ಗೇಟಿನ ಆಸೆ ಹತ್ತಿದೆ. ಒಂದೊಂದೇ ಓಣಿ ಮುಚ್ಚುತ್ತಿದ್ದಾರೆ. ಗಾಣದ ಬೀದಿಯ ಆ ತುದಿಗೂ ಗಿರಣಿ ಹಿಂದಿನ ಓಣಿಗೂ ಗೋಡೆ ಹಾಕುತ್ತಾರಂತೆ, ಇಟ್ಟಿಗೆ ಬಂದು ಬಿದ್ದಿದೆಯಂತೆ. ಆ ಗೋಡೆ ಎದ್ದರೆ ಅಣ್ಣನ ಮನೆಗೂ ಒಂದೇ ದಾರಿ. ಹೋದರೂ ಹೋದ ಹಾಗಿಲ್ಲ.

ಒಂದು ಸಂಜೆ ಪಂಚಾಕ್ಷರಿಯವರು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಾನೂ ಪಕ್ಕದಲ್ಲಿ ಕೂತೆ. “ರೀ, ನಾಳೆ ಅಣ್ಣನ ಮನೆಗೆ ಹೋಗ್ಬರ್ತೀನಿ. ಆ ಗೋಡೆ ಏಳೋದ್ರೊಳಗೆ ಒಂದ್ಸಲನಾದ್ರೂ ಹೋಗ್ಬರ್ಬೇಕು. ಗೋಡೆ ಹಾರಿಸಿ ಕಳಿಸಿದ ಮೇಲೆ ಒಂದು ದಿನಾನೂ ನಾನು ಅತ್ಲಾಗೆ ಕಾಲಿಟ್ಟಿಲ್ಲ.”

ಅವರು ತಲೆಯೆತ್ತಿದರು. ಬೆಚ್ಚಿದವರ ಹಾಗೆ ಹುಬ್ಬೇರಿಸಿ, “ಹೌದಾ? ಹೋಗ್ಬಾ, ಹೋಗ್ಬಾ” ಎಂದರು. ಎಷ್ಟು ಚೆನ್ನಾಗಿ ಬೆಚ್ಚಿದರೆಂದರೆ, ಬೇರೆ ಯಾರಾದರೂ ನಂಬಿಬಿಡುತ್ತಿದ್ದರು. ಆದರೆ ಆ ಕೆಲಸವನ್ನು ನಾನು ಎಷ್ಟು ಸೋಮವಾರ ಮಾಡಿದ್ದೇನೆ.

“ಗಾಣದ ಬೀದಿ ಗೋಡೆ ಎದ್ದು ಎಷ್ಟು ದಿನ ಆಯ್ತು ರೀ?”

ಅವರು ಅವರೆಕಾಯಿ ಸುಲಿಯುತ್ತಲೇ ಇದ್ದರು. “ಎರಡು ಮಳೆಗಾಲ” ಎಂದರು.

ಎಷ್ಟು ಸಲ ಹೋಗಿದ್ದೇನೆ ಎಂದು ಕೇಳಲಿಲ್ಲ. ನನಗೆ ಬೇಕಾಗಿದ್ದದ್ದೂ ಅದಲ್ಲ. ಅಣ್ಣ ನನ್ನನ್ನು ಕಂಡು ಯಂತ್ರ ನಿಲ್ಲಿಸಿ ಎದ್ದು ಬರುತ್ತಾನೋ ಇಲ್ಲವೋ, ಅದು ಬೇಕಾಗಿತ್ತು. ಅದನ್ನು ಪಂಚಾಕ್ಷರಿಯವರು ಹೇಗೆ ತಾನೆ ಹೇಳಿಯಾರು?

“ವಾಪಸ್ ಬರುವಾಗ ನನ್ನ ಮುಖ ಹೇಗಿರುತ್ತೆ?” ಎಂದು ಕೇಳಿದೆ.

“ಮೊದಮೊದಲು ಅತ್ತೂ ಅತ್ತೂ ಕಣ್ಣು ಊದಿರ್ತಿತ್ತು. ಆದ್ರೂ ನಗ್ತಾ ಬರ್ತಿದ್ದೆ. ಯಾಕೆ ನಗ್ತಿದ್ದೀನಿ ಅಂತ ನಿಂಗೇ ಗೊತ್ತಿರ್ತಿರಲಿಲ್ಲ.” ಅವರು ಸಿಪ್ಪೆಯನ್ನು ಒಂದು ಕಡೆಗೆ ಸರಿಸಿದರು. “ಈಚೀಚೆಗೆ ಬೇಗ ಬಂದ್ಬಿಡ್ತೀಯ. ಸುಮ್ನೆ ಬರ್ತೀಯ.”

ಅದರ ಅರ್ಥ ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಗಾಣದ ಬೀದಿಯಲ್ಲಿ ಅಣ್ಣನಿಗೂ ಆಕಳಿಕೆ ಬರುತ್ತಿದೆ. ಅವನನ್ನು ದೂರಲಾರೆ. ಇನ್ನು ಮುಂದೆ ಅವನಿಗೆ ಆ ಕಷ್ಟ ಕೊಡಬಾರದು, ಆಸೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ಮನೆಯಲ್ಲೇ ಕೂರಬೇಕು ಎಂದು ಅಲ್ಲೇ ತೀರ್ಮಾನ ಮಾಡಿದೆ. ಮಾರನೆಯ ದಿನ ನಾನು ಹೋಗಲಿಲ್ಲ ಎಂದುಕೊಂಡಿದ್ದೇನೆ.